ಮೂರನೇ ಮಹಡಿಗೆ ಬಾರದ ಲಿಫ್ಟು

ನನ್ನ ಹೆಂಡತಿಗೆ ಆಫೀಸಿನಲ್ಲಿ ಬಾಣದಮ್ಮ ಎಂದೇ ಹೆಸರು. ಬೇರೆ ಬೇರೆ ಕಂಪ್ಯೂಟರುಗಳು ಒಂದಕ್ಕೊಂದು ಸಂದೇಶ ಕಳಿಸಿಕೊಂಡು ಕೆಲಸ ಮಾಡುವಾಗ ಯಾವುದು ಯಾವಾಗ ಏನು ಮಾಡೀತು ಎಂಬುದನ್ನು ಚೌಕ, ಬಾಣಗಳ ಮಾದರಿಯಾಗಿ ಬರೆದು, ಮೊದಲೇ ನಡೆಸಿ ನೋಡುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಇದೇ. ಮಗಳ ಹೋಮ್‌ವರ್ಕಿನ ಅಂಚಿನಲ್ಲೂ ಬಾಣಗಳೇ.

ಆ ವಾರ ಅವಳ ಮುಖ ಬಾಡಿತ್ತು. ಹೊಸ ಆಸ್ಪತ್ರೆಯೊಂದಕ್ಕೆ ಎರಡು ಲಿಫ್ಟು, ಒಂದೊಂದಕ್ಕೂ ಅದರದೇ ಕಂಪ್ಯೂಟರು. ಪರೀಕ್ಷೆಯಲ್ಲಿ ಎರಡು ಸಲ ಮೂರನೇ ಮಹಡಿಯ ಗುಂಡಿ ಒತ್ತಿದರೂ ಯಾವ ಲಿಫ್ಟೂ ಬರಲಿಲ್ಲ. ಆಪರೇಷನ್ ಆದವರನ್ನು ಅಲ್ಲಿಂದಲೇ ಇಳಿಸಬೇಕು. ಇವಳ ಮಾದರಿ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು. "ಶುಕ್ರವಾರ ಸಂಜೆಯೊಳಗೆ ಕಾರಣ ತೋರ್ಸಿ, ಇಲ್ಲಾಂದ್ರೆ ಎಲ್ಲ ಸರಿಯಿದೆ ಅಂತ ಸಹಿ ಹಾಕಿ. ಸೋಮವಾರ ಆಸ್ಪತ್ರೆ ತೆಗೀಬೇಕು," ಎಂದಿದ್ದರು ಮ್ಯಾನೇಜರು. ಕಣ್ಣುಮುಚ್ಚಿ ಸಹಿ ಹಾಕುವ ಜಾಯಮಾನ ಅವಳದಲ್ಲ.

ಗುರುವಾರ ಸಂಜೆ ನಮ್ಮನ್ನೆಲ್ಲ ಊಟದ ಮೇಜಿಗೆ ಎಳೆದಳು. ನಾನೊಂದು ಲಿಫ್ಟು, ಅಪ್ಪ ಇನ್ನೊಂದು. ಮಗಳು ಮೂರನೇ ಮಹಡಿ. ಕರೆಯಬೇಕಾದಾಗ ಚಮಚದಿಂದ ತಟ್ಟೆ ಬಾರಿಸಬೇಕು. ನಮ್ಮ ನಡುವೆ ಚೀಟಿ ಸಾಗಿಸುವವಳು ಅಮ್ಮ. ಅಮ್ಮನ ನಿಧಾನ ನೆಂಟರಿಷ್ಟರಿಗೆಲ್ಲ ಗೊತ್ತು. ಅವಳಿಂದಾಗಿ ನಮಗೆ ತಪ್ಪಿಹೋದ ಬಸ್ಸುಗಳಿಗೆ ಲೆಕ್ಕವೇ ಇಲ್ಲ.

ಮಗಳು ತಟ್ಟೆ ಬಾರಿಸಿದಳು. 'ನಾನು ಹೋಗುತ್ತೇನೆ' ಎಂದು ಚೀಟಿ ಕೊಟ್ಟೆ. ಹೆಂಡತಿ ಹೇಳಿದಂತೆ, ಹಿಂದೆಯೇ ಇನ್ನೊಂದು: 'ನನ್ನ ಬಾಗಿಲು ಸಿಕ್ಕಿಕೊಂಡಿದೆ, ನೀನು ಹೋಗು.' ಅಮ್ಮ ಮೊದಲನೆಯದನ್ನು ಮಡಿಲಲ್ಲಿಟ್ಟು ಕನ್ನಡಕ ಒರೆಸುತ್ತ ಕೂತವಳು, ಎರಡನೆಯದನ್ನೇ ಮೊದಲು ಕೊಟ್ಟಳು. ಅಪ್ಪ ಗತ್ತಿನಿಂದ ಎದ್ದರು. ಅಷ್ಟರಲ್ಲಿ ಹಳೆಯ ಚೀಟಿ ಕೈಗೆ ಬಂತು. ಓದಿ ಮತ್ತೆ ಕೂತರು.

"ಅವ್ನೇ ಹೋಗ್ತಾನಂತೆ, ನಾನ್ಯಾಕೆ?"

ಮಗಳು ಬಾರಿಸಿದ್ದೇ ಬಾರಿಸಿದ್ದು. ಯಾರೂ ಕದಲಲಿಲ್ಲ.

"ಅಮ್ಮಾ, ಎಲ್ಲ ಕೆಡಿಸ್ಬಿಟ್ಯಲ್ಲಾ!" ನಾನು ರೇಗಿದೆ. ಅಮ್ಮನ ಮುಖ ಸಣ್ಣದಾಯಿತು.

"ನೀವು ಸುಮ್ನಿರ್ರಿ!" ಹೆಂಡತಿ ಕುಣಿದೇಬಿಟ್ಟಳು. "ಮೊದ್ಲು ಕಳಿಸಿದ್ದು ಮೊದ್ಲೇ ತಲುಪುತ್ತೆ ಅಂತ ನನ್ನ ಮಾದರೀಲಿ ಬರ್ದಿದ್ದೆ. ಹಾಗಂತ ಯಾರು ಹೇಳಿದ್ರು ನಂಗೆ? ಅತ್ತೆ, ನೀವು ಬಂಗಾರ!" ಎಂದು ಅಮ್ಮನನ್ನು ಬಾಚಿ ತಬ್ಬಿಕೊಂಡಳು. ರೇಗಿದ್ದಕ್ಕೆ ನನಗೆ ನಾಚಿಕೆಯಾಯಿತು. ನಗುವೂ ತಡೆಯಲಾಗಲಿಲ್ಲ.

ಶುಕ್ರವಾರ ಮಾದರಿಯಲ್ಲಿ ಸಂದೇಶಗಳು ಹಿಂದುಮುಂದಾಗಲು ಬಿಟ್ಟಳಂತೆ. ಒಂದೇ ನಿಮಿಷದಲ್ಲಿ ತಪ್ಪು ಹೆಜ್ಜೆಹೆಜ್ಜೆಯಾಗಿ ತೆರೆಯ ಮೇಲೆ ಬಂತು. ಮ್ಯಾನೇಜರು ಕುರ್ಚಿ ಎಳೆದುಕೊಂಡು ಮೂರು ಸಲ ನೋಡಿದರಂತೆ. ಸಂಜೆ ಬ್ಯಾಗನ್ನೂ ಇಳಿಸದೆ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

ಅಮ್ಮ ಅಳುಕುತ್ತಲೇ ಕೇಳಿದಳು, "ನಾನು ತಡ ಮಾಡಿದ್ದಕ್ಕೆ ಅವ್ರು ಏನಾದ್ರೂ ಅಂದ್ರೇನಮ್ಮಾ?"

"ಅಂದ್ರು ಅತ್ತೆ. ಆಸ್ಪತ್ರೇನೇ ಒಂದು ವಾರ ತಡವಾಗಿ ತೆಗಿಯೋಣ ಅಂದ್ರು."