ಮೂರನೆಯ ಹಣ್ಣು ಬಿದ್ದಾಗ

ನಮ್ಮೂರಿನಲ್ಲಿ ಮೈಕು ಹಿಡಿಯುವ ಮುಂಚೆ ಅದಕ್ಕೆ ಕರವಸ್ತ್ರ ಸುತ್ತುವುದು ರೂಢಿಯಾಗಿತ್ತು. ಬರಿಗೈಯಲ್ಲಿ ಹಿಡಿದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಭಜನೆಯವರಿಗೆ, ಭಾಷಣ ಮಾಡುವವರಿಗೆ, ಸ್ವಾಗತಗೀತೆ ಹಾಡುವ ಶಾಲೆಯ ಹುಡುಗಿಯರಿಗೆ, ಎಲ್ಲರಿಗೂ ಇದು ಗೊತ್ತಿದ್ದ ಸಂಗತಿ. ಮಳೆಗಾಲದಲ್ಲಿ ಮೈಕು ಕಡಿಯುತ್ತದೆ ಎನ್ನುತ್ತಿದ್ದರು, ಸೊಳ್ಳೆ ಕಡಿಯುತ್ತದೆ ಎನ್ನುವಷ್ಟೇ ಸಲೀಸಾಗಿ. ಯಾರಾದರೂ ಮರೆತು ಮುಟ್ಟಿ ಹೌಹಾರಿ ಹಿಂದೆ ಸರಿದರೆ ಕೂತವರೆಲ್ಲ ನಗುತ್ತಿದ್ದರು. ಸಾವು ಕೈಗೆ ತಾಗಿ ಹೋದದ್ದಕ್ಕೆ ಒಂದು ಊರು ವರ್ಷಗಟ್ಟಲೆ ನಕ್ಕಿತು. ಆ ನಗೆ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸಂಶಿಯಲ್ಲಿ ಬಸ್ಸಿಳಿದು ಎರೆಭೂಮಿಯ ನಡುವೆ ಒಳಗೆ ಹೋದರೆ ನಮ್ಮೂರು. ಮನೆಯಲ್ಲಿ ಕಾಕಾನ ಹೆಂಡತಿ, ನನ್ನ ಚಿಗವ್ವ, ಕುಂದಗೋಳದ ಹೆಣ್ಣುಮಗಳು. ಬೆಳಗಾದರೆ ಓಣಿಯಲ್ಲಿ ಯಾರದೋ ಮನೆಯಿಂದ ತಂಬೂರಿಯ ಸದ್ದು ಕೇಳುವ ಊರು ಅದು. ಚಿಗವ್ವ ತವರಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದಳು. ಮದುವೆಯಾಗಿ ಬರುವಾಗ ಅದು ಅಲ್ಲೇ ಉಳಿಯಿತು. ಸೊಸಿ ಪೆಟಗಿ ಹಚ್ಚಿಕೊಂಡು ಕುಂತರೆ ರೊಟ್ಟಿ ಬಡಿಯುವವರು ಯಾರು ಎಂದು ನಮ್ಮಜ್ಜಿ ಚೇಷ್ಟೆಗೆ ಅಂದಿದ್ದಳಂತೆ. ಚೇಷ್ಟೆಯ ಮಾತೇ ಮನೆಯ ಕಾನೂನಾಯಿತು.

ಚಿಗವ್ವನ ತಮ್ಮ ಮುಂಬೈಯಲ್ಲಿ ಕೆಲಸಕ್ಕಿದ್ದ. ಒಂದು ಸಲ ಬರುವಾಗ ಅಕ್ಕನ ಮಗನಿಗೆಂದು ಅಂಗೈಯಗಲದ ವಿಡಿಯೋ ಗೇಮು ತಂದ. ಬೂದುಬಣ್ಣದ ಪುಟ್ಟ ಪರದೆಯಲ್ಲಿ ನಾಲ್ಕು ಗಿಡ, ಗಿಡಗಳಿಂದ ಉದುರುವ ಹಣ್ಣು, ಕೆಳಗೆ ಬುಟ್ಟಿ ಹಿಡಿದು ನಿಂತ ಒಬ್ಬ ಮನುಷ್ಯ. ನಾಲ್ಕು ಗುಂಡಿಗಳಿದ್ದವು. ಯಾವ ಗುಂಡಿ ಒತ್ತಿದರೆ ಆ ಗಿಡದ ಬುಡಕ್ಕೆ ಅವನು ಓಡುತ್ತಿದ್ದ, ಒಂದೊಂದು ಗುಂಡಿಗೂ ಒಂದೊಂದು ಸ್ವರ. ಹಣ್ಣು ಬುಟ್ಟಿಗೆ ಬಿದ್ದರೆ ಚಿಕ್ಕದೊಂದು ಚಿಲಿಪಿಲಿ. ನೆಲಕ್ಕೆ ಬಿದ್ದರೆ ‘ಭೋಂ’ ಎಂಬ ದಪ್ಪ ಸದ್ದು. ಮೂರು ಹಣ್ಣು ನೆಲಕ್ಕೆ ಬಿದ್ದರೆ ಆಟ ಮುಗಿಯಿತು. ಆಗ ಯಂತ್ರ ತಾನೇ ಒಂದು ಕುಣಿತದ ಧಾಟಿ ನುಡಿಸಿ ಸುಮ್ಮನಾಗುತ್ತಿತ್ತು.

ಮಗನಿಗೆ ಬೇಗ ಬೇಸರವಾಯಿತು. ಅದರೊಳಗಿನ ಬಿಲ್ಲೆಯಂಥ ಸೆಲ್ಲು ತೀರಿಹೋದಾಗ ಹುಬ್ಬಳ್ಳಿಯ ಗಡಿಯಾರ ರಿಪೇರಿಯವನೊಬ್ಬ ಎರಡು ಪೆನ್ಸಿಲ್ ಸೆಲ್ಲುಗಳನ್ನು ಹೊರಗಡೆ ವೈರಿನಿಂದ ಜೋಡಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದುಕೊಟ್ಟ. ಆಮೇಲೆ ಅದು ಚಿಗವ್ವನ ಕೈಸೇರಿತು. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕೂತವಳು ನಡುವೆ ಕೈ ಒರೆಸಿಕೊಂಡು ಗುಂಡಿ ಒತ್ತಿ ಕಿವಿಗೊಟ್ಟು ಕೇಳುತ್ತಿದ್ದಳು. ನಾಲ್ಕರಲ್ಲಿ ಒಂದು ಸ್ವರ ಸ್ವಲ್ಪ ಇಳಿದಿದೆ, ಆದರೂ ನಡೆಯುತ್ತದೆ ಎಂದಳು. ಹಣ್ಣು ಉದುರುವ ಸರದಿ ಪ್ರತಿಸಲವೂ ಒಂದೇ ಎಂದು ಕಂಡುಹಿಡಿದಳು. ಸರದಿ ಬಾಯಿಪಾಠವಾದ ಮೇಲೆ ಅವಳು ಅಂಕ ನೋಡುವುದನ್ನೇ ಬಿಟ್ಟಳು. ಹಣ್ಣು ಹಿಡಿಯುವ ನೆಪದಲ್ಲಿ ಗುಂಡಿಗಳಿಂದ ಧಾಟಿ ಕಟ್ಟತೊಡಗಿದಳು. ಧಾಟಿ ಕೆಳಗಿಳಿದು ನಿಲ್ಲುವ ಕಡೆ ಒಂದು ಹಣ್ಣನ್ನು ಬೇಕೆಂದೇ ಬಿಡುತ್ತಿದ್ದಳು. ಆಗ ಬರುವ ‘ಭೋಂ’ ಅವಳಿಗೆ ಕೆಳಗಿನ ಷಡ್ಜ.

“ಎರಡ ಹಣ್ಣು ನಾ ಬೇಕಂತ ಬಿಡ್ತೀನಿ ತಮ್ಮಾ,” ಎಂದಿದ್ದಳು ನನಗೆ. “ಮೂರನೇದು ಬಿಟ್ಟರ ಆಟಾನೂ ಹೋತು, ಹಾಡೂ ಹೋತು.”

ಹೀಗೆ ಇಡೀ ಹಾಡಿಗೆ ಎರಡೇ ಷಡ್ಜ. ಅವನ್ನು ಎಲ್ಲಿ ಇಡಬೇಕೆಂದು ಅವಳು ದಿನಗಟ್ಟಲೆ ಯೋಚಿಸುತ್ತಿದ್ದಳು, ಒಂದನ್ನು ನಡುವೆ, ಒಂದನ್ನು ಕಡೆಗೆ. ಮೂರನೆಯದನ್ನು ಅವಳು ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಊರ ಗಣಪತಿ ಕಮಿಟಿಯ ಅಧ್ಯಕ್ಷರು ಒಂದು ದಿನ ಚಹಾಕ್ಕೆಂದು ನಮ್ಮ ಮನೆಗೆ ಬಂದವರು ಒಳಗಿನಿಂದ ಬಂದ ಸದ್ದು ಕೇಳಿ ಬೆರಗಾದರು. ಇಂಥದ್ದು ಹುಬ್ಬಳ್ಳಿಯಲ್ಲೂ ಆಗಿಲ್ಲ, ಗಣಪತಿಯ ಮುಂದೆ ಆಗಲೇಬೇಕು ಎಂದು ಹಟ ಹಿಡಿದರು. ಅವರೇ ಕೇಳಿದ್ದು, ನೆನಪಿರಲಿ. ಕಾಕಾ ಹ್ಞೂಂ ಅನ್ನದೆ ಊಂಹೂಂ ಅನ್ನದೆ ತಲೆ ಕೆರೆದುಕೊಂಡ. ಚಿಗವ್ವ ಬಾಗಿಲ ಹಿಂದೆ ನಿಂತಿದ್ದಳು. ಅವಳ ಮುಖ ಕಾಕಾನಿಗೂ ಕಂಡಿರಬೇಕು, ಒಪ್ಪಿಕೊಂಡ. ಮದುವೆಯಾಗಿ ಬಂದಮೇಲೆ ಆ ಊರು ಅವಳ ಕೈಯ ರೊಟ್ಟಿ ಉಂಡಿತ್ತು, ಅವಳ ಕೈಯ ಸಂಗೀತ ಕೇಳಿರಲಿಲ್ಲ.

ಮೈಕ್ ಸೆಟ್ಟಿನವನು ಬಾಜೂ ಊರಿನವನು. ಗೇಮಿನ ಸದ್ದು ಹೊರಡುವ ಬಿಲ್ಲೆಯಿಂದ ಒಂದು ವೈರು, ಸೆಲ್ಲಿನ ಜೋಡಣೆಯಿಂದ ಇನ್ನೊಂದು ವೈರು ತೆಗೆದು, ದೇವರ ಹಿಂದೆ ಪರದೆಯ ಮರೆಯಲ್ಲಿಟ್ಟುಕೊಂಡು ಕೂರುತ್ತಿದ್ದ ತನ್ನ ತಗಡಿನ ಆಂಪ್ಲಿಫೈಯರ್ ಪೆಟ್ಟಿಗೆಗೆ ಸಿಕ್ಕಿಸಿದ. ಜೋಡಣೆಯ ತಾಮ್ರ ಬತ್ತಲಾಗೇ ಉಳಿಯಿತು. ಅದು ಚಿಗವ್ವನ ಎಡ ಅಂಗೈಯೊಳಗೆ ಬರುತ್ತಿತ್ತು. ಅಷ್ಟರಿಂದ ಏನೂ ಆಗಬೇಕಾಗಿರಲಿಲ್ಲ. ಎರಡು ಪೆನ್ಸಿಲ್ ಸೆಲ್ಲಿನಿಂದ ನೊಣವೂ ಸಾಯುವುದಿಲ್ಲ.

ಸಾಯಿಸುವಂಥದ್ದು ಬೇರೆ ಕಡೆ ಇತ್ತು. ಮಂಟಪಕ್ಕೆ ಕರೆಂಟು ಬರುತ್ತಿದ್ದದ್ದು ಮೀಟರಿನಿಂದಲ್ಲ. ಎರಡು ವೈರುಗಳ ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಬಿದಿರಿನ ಗಳದಿಂದ ಕಂಬದ ತಂತಿಗೆ ನೇತುಹಾಕುತ್ತಿದ್ದರು. ಊರಿನ ಮದುವೆ, ಸಭೆ, ಭಜನೆ ಎಲ್ಲ ಆ ಕೊಕ್ಕೆಯ ಮೇಲೇ ನಡೆಯುತ್ತಿದ್ದವು. ಲೈನ್‌ಮನ್ನನೇ ಅದರ ಕೆಳಗೆ ಕೂತು ಪ್ರಸಾದ ಉಣ್ಣುತ್ತಿದ್ದ. ಪೆಟ್ಟಿಗೆಗೆ ನೆಲದಲ್ಲಿ ಸಲಾಕೆ ಹೂತು ಅರ್ಥಿಂಗ್ ಕೊಡುವ ಬದಲು ಮೈಕಿನವನು ಕರೆಂಟು ವಾಪಸು ಹೋಗುವ ವೈರನ್ನೇ ತಗಡಿಗೆ ಬಿಗಿದಿದ್ದ. ಕೊಕ್ಕೆಗಳು ಸರಿಯಾದ ತಂತಿಗೆ ಬಿದ್ದರೆ ಜುಮ್ಮೆನ್ನುವುದಷ್ಟೇ. ಅದಲು ಬದಲಾದರೆ ಪೆಟ್ಟಿಗೆಯ ಮೈಗೆ, ಮೈಕಿಗೆ, ಅದಕ್ಕೆ ಕಟ್ಟಿದ ಪ್ರತಿಯೊಂದಕ್ಕೂ ಪೂರಾ ಕರೆಂಟು. ಇದನ್ನೆಲ್ಲ ನಾನು ಆಮೇಲೆ ವೈರು ಹಿಡಿದು ಹುಡುಕಿ ತಿಳಿದುಕೊಂಡೆ.

ಗಣಪತಿ ಕೂಡಿಸಿದ ಐದನೆಯ ದಿನ, ಸಂಜೆಯಾಗುವ ಮುಂಚೆ ಕಾರ್ಯಕ್ರಮ. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಕಾಲಿಗೆ ಹತ್ತುತ್ತಿತ್ತು. ದೇವರ ಮುಂದೆಂದು ಎಲ್ಲರೂ ಚಪ್ಪಲಿಗಳನ್ನು ದೂರ ಬಿಟ್ಟಿದ್ದರು. ಚಿಗವ್ವ ಜಮಖಾನೆಯ ಮೇಲೆ ಕೂರಲು ಹೋದಳು. ನಿಂತು ಬಾರಿಸು, ಮಂದಿಗೆ ಕಾಣಬೇಕು ಎಂದು ಅಧ್ಯಕ್ಷರು ಅವಳನ್ನು ಹಸಿಮಣ್ಣಿನ ಮೇಲೆ ನಿಲ್ಲಿಸಿದರು.

ಅವಳು ನುಡಿಸಿದಳು. ಮೈಕ್ ಸೆಟ್ಟಿನ ತಗಡಿನ ಕಹಳೆಯಲ್ಲಿ ಆ ಪುಟ್ಟ ಆಟಿಕೆಯ ಸ್ವರ ಊರಗಲ ಹರಡಿತು. ಮೊದಲು ಹುಡುಗರು ಕಿಸಕ್ಕೆಂದರು, ಆಮೇಲೆ ಸುಮ್ಮನಾದರು. ಭಜನೆಯ ಮುದುಕನೊಬ್ಬ ತೊಡೆಯ ಮೇಲೆ ತಾಳ ಹಾಕತೊಡಗಿದ. ನಡುವಿನ ಷಡ್ಜ ಬಿದ್ದಾಗ ಆತ ಹೌದು ಹೌದೆಂದು ತಲೆದೂಗಿದ್ದನ್ನು ನೋಡಿದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಊರಿನ ಅರ್ಧಕ್ಕೆ ಕರೆಂಟಿತ್ತು, ನಮ್ಮ ಭಾಗಕ್ಕೆ ಇರಲಿಲ್ಲ. ಈಗ ಬರುತ್ತದೆ, ನಿಂತೇ ಇರು ಎಂದು ಅಧ್ಯಕ್ಷರು ಚಿಗವ್ವನಿಗೆ ಹೇಳಿ ಗಳ ತರಿಸಿದರು. ಇಬ್ಬರು ಸೇರಿ, ಯಾವ ಕೊಕ್ಕೆ ಯಾವ ತಂತಿಗೆಂದು ನೋಡದೆ, ಅವನ್ನು ಬೇರೆ ತಂತಿಗಳಿಗೆ ಎತ್ತಿಹಾಕುತ್ತಿದ್ದರು. ಗೇಮು ತನ್ನ ಸೆಲ್ಲಿನ ಮೇಲೆ ನಡೆಯುತ್ತಲೇ ಇತ್ತು. ಚಿಗವ್ವ ಹೊಸದಾಗಿ ಆಟ ಶುರುಮಾಡಿ ಹಾಡನ್ನು ಮತ್ತೆ ಮೊದಲಿನಿಂದ ಹಿಡಿದಳು, ತನಗಷ್ಟೇ ಕೇಳುವಂತೆ. ಕರೆಂಟು ಬಂತು. ಜನ ಸಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಆ ಗದ್ದಲದೊಳಗೆ ಕಹಳೆಯಿಂದ ‘ಭೋಂ’ ಎಂದು ಕೇಳಿತು.

ಇಷ್ಟು ಬೇಗ ಏಕೆ ಬಿಟ್ಟಳು ಎಂದುಕೊಂಡೆ. ಇನ್ನೊಂದು ‘ಭೋಂ’. ಇದು ಕೊನೆಯಲ್ಲಿ ಬರಬೇಕಾದದ್ದಲ್ಲವೇ ಎಂದುಕೊಂಡೆ. ಅವಳು ನೆಟ್ಟಗೆ ನಿಂತಿದ್ದಳು, ತಲೆ ಸ್ವಲ್ಪ ಹಿಂದಕ್ಕೆ ವಾಲಿತ್ತು, ರಾಗದಲ್ಲಿ ಮೈಮರೆತವರಂತೆ. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಮೂರನೆಯ ಹಣ್ಣು ಬಿತ್ತು.

ಚಿಗವ್ವ ಮೂರನೆಯದನ್ನು ಬಿಡುವುದಿಲ್ಲ. ಅದೊಂದು ನನಗೆ ಗೊತ್ತಿದ್ದದ್ದು. ಎದ್ದು ಓಡಿದೆ. ಅಷ್ಟರಲ್ಲಿ ಆಟ ಮುಗಿದ ಕುಣಿತದ ಧಾಟಿ ಕಹಳೆಯಲ್ಲಿ ಶುರುವಾಗಿತ್ತು, ಜನ ಅದಕ್ಕೆ ತಾಳ ಹಿಡಿದರು. ಅವಳ ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿದ್ದವು, ಬೆರಳುಗಳು ಗೇಮನ್ನು ಕಚ್ಚಿಹಿಡಿದಿದ್ದವು. ಕರೆಂಟು ತೆಗೆಯೆಂದು ಕೂಗಿದೆ. ತೆಗೆಯಲು ಸ್ವಿಚ್ಚೆಲ್ಲಿತ್ತು? ಅಧ್ಯಕ್ಷರು ಚಪ್ಪಾಳೆ ತಟ್ಟಲು ಎದ್ದು ನಿಂತಿದ್ದರು. ಅವರು ಕೂತಿದ್ದ ಕಟ್ಟಿಗೆಯ ಕುರ್ಚಿಯನ್ನೆತ್ತಿ ಅದರ ಕಾಲಿನಿಂದ ಅವಳ ಮಣಿಕಟ್ಟಿಗೆ ಹೊಡೆದೆ. ಎರಡನೆಯ ಏಟಿಗೆ ವೈರು ಹರಿಯಿತು. ಅವಳು ಮಂಟಪದ ಹಿಂದಿನ ಪರದೆಯ ಕಡೆ ಮುಖಮಾಡಿ ಕುಸಿದಳು.

ಉಸಿರಿತ್ತು. ಕಾಕಾ ಅಂಗಾಲು ತಿಕ್ಕಿದ, ನಾನು ಹೆಸರು ಹಿಡಿದು ಕೂಗಿದೆ, ಹುಟ್ಟಿದಾಗಿನಿಂದ ಹಾಗೆ ಕೂಗಿದವನಲ್ಲ. ಕಣ್ಣು ತೆರೆದಳು. ಅವಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಸಂಶಿಯ ದವಾಖಾನೆಗೆ ಹೊರಟಾಗ ಹಿಂದಿನಿಂದ ಕಹಳೆ ಮಾತಾಡಿತು. ಅಧ್ಯಕ್ಷರ ದನಿ.

“ಆಟಗಿ ಸಾಮಾನದಾಗ ಏನೋ ದೋಷ ಇತ್ರಿ. ಯಾರೂ ಗಾಬರಿ ಆಗಬ್ಯಾಡ್ರಿ. ಕಾರ್ಯಕ್ರಮ ಮುಂದುವರೀತೈತಿ.”

ತಿರುಗಿ ನೋಡಿದೆ. ಮೈಕಿನ ಸುತ್ತ ಬಿಳಿಯ ಕರವಸ್ತ್ರವಿತ್ತು, ಎರಡು ಸುತ್ತು ಬಿಗಿದು.

ಆ ಕರವಸ್ತ್ರವನ್ನು ನಾನು ಕ್ಷಮಿಸಲಾರೆ. ಅಜ್ಞಾನಿಗಳಾಗಿದ್ದರೆ ಬರಿಗೈಯಲ್ಲಿ ಹಿಡಿಯುತ್ತಿದ್ದರು. ಗೊತ್ತಿತ್ತು, ತಮ್ಮ ಕೈಗೆ ಬೇಕಾದಷ್ಟು ಗೊತ್ತಿತ್ತು. ಆಟಿಕೆಯದೇ ದೋಷವಾಗಿದ್ದರೆ ಅದು ಮಣ್ಣಿನಲ್ಲಿ ಬಿದ್ದ ಮೇಲೂ ಕರವಸ್ತ್ರ ಏಕೆ?

ಚಿಗವ್ವ ಉಳಿದಳು. ಎಡ ಅಂಗೈಯಲ್ಲಿ ಎರಡು ಕಪ್ಪು ಕಲೆ ಉಳಿದವು, ಹೆಬ್ಬೆರಳಿನ ಸ್ಪರ್ಶ ಹೋಯಿತು. ಊರಿನಲ್ಲಿ ಮಾತುಗಳು ಬೆಳೆದವು. ವಿದೇಶಿ ಸಾಮಾನಿನಲ್ಲಿ ಏನಿರುತ್ತದೋ ಯಾರಿಗೆ ಗೊತ್ತು ಎಂದರು. ದೇವರ ಮುಂದೆ ಆಟಿಕೆ ಬಾರಿಸಿದ್ದಕ್ಕೆ ಆದದ್ದೆಂದರು. ಹೆಣ್ಣುಮಗಳಿಗೆ ಕುರ್ಚಿಯಿಂದ ಹೊಡೆದ ಹುಡುಗನೆಂದು ನನ್ನನ್ನೂ ಬಿಡಲಿಲ್ಲ. ನಾನು ಕೊಕ್ಕೆಯ ಕಥೆಯನ್ನು ಅಧ್ಯಕ್ಷರ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, ಇದನ್ನು ಹೊರಗೆ ಹೇಳಿದರೆ ಕಳವಿನ ಕರೆಂಟೆಂದು ಇಡೀ ಊರಿನ ಮೇಲೆ ಕೇಸಾಗುತ್ತದೆ, ನಿಮ್ಮ ಕಾಕಾನೂ ಊರಿನವನೇ ಎಂದರು. ಮೈಕಿನವನು ಇನ್ನೂ ಜಾಣ. ತಾನು ದಿನಾ ಆ ಪೆಟ್ಟಿಗೆ ಮುಟ್ಟುವವನು, ತನಗೆ ಒಂದು ದಿನವೂ ಏನೂ ಆಗಿಲ್ಲ ಎಂದ. ಆ ಮಾತಿಗೆ ಎಲ್ಲರೂ ತಲೆಯಾಡಿಸಿದರು.

ಇದನ್ನು ಮನೆಗೆ ಬಂದು ಹಲ್ಲು ಕಚ್ಚಿ ಹೇಳಿದಾಗ ಚಿಗವ್ವ ಮೊರದಿಂದ ಮುಖವೆತ್ತಲಿಲ್ಲ.

“ಅಂವಾ ಚಪ್ಪಲಿ ಹಾಕ್ಕೊಂಡಿದ್ದಾ,” ಎಂದಳು. “ನಾ ಬಿದ್ದಾಗ ಪರದೇದ ಕೆಳಗ ಕಂಡೂವು. ನೀಲಿ ಪಟ್ಟೀವು.”

ರಬ್ಬರ್ ಚಪ್ಪಲಿ. ದೇವರ ಹಿಂದೆ, ಪರದೆಯ ಮರೆಯಲ್ಲಿ ಕೂರುವವನಿಗೆ ಅವನ್ನು ಬಿಡುವ ಕಟ್ಟಳೆ ಇರಲಿಲ್ಲ. ಬಿಟ್ಟು ಬಂದವರು ಮುಂದೆ ನಿಲ್ಲುವವರು, ಹಾಡುವವರು.

ಮರುವರ್ಷ ಅದೇ ಮಂಟಪ, ಅದೇ ಪೆಟ್ಟಿಗೆ, ಕಂಬದ ಮೇಲೆ ಅದೇ ಕೊಕ್ಕೆಗಳು. ಗೇಮು ಕಾಕಾನ ಟ್ರಂಕಿನಲ್ಲಿತ್ತು. ಹೊರಗಿದ್ದರೂ ಏನು, ಹಣ್ಣು ಹಿಡಿಯುವ ಹೆಬ್ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಸ್ವಾಗತಗೀತೆಗೆ ಶಾಲೆಯ ಮೂವರು ಹುಡುಗಿಯರು ಬರಿಗಾಲಲ್ಲಿ ಮುಂದೆ ಬಂದರು. ಅಧ್ಯಕ್ಷರು ಮೈಕಿಗೆ ಕರವಸ್ತ್ರ ಸುತ್ತುತ್ತಿದ್ದರು. ಹೆಂಗಸರ ನಡುವೆ ಕೂತಿದ್ದ ಚಿಗವ್ವ ಎದ್ದು ಮಂಟಪದ ಮುಂದೆ ಬಂದು ನಿಂತಳು. ಕರವಸ್ತ್ರವನ್ನು ಬಿಚ್ಚಿ ಅಧ್ಯಕ್ಷರ ಕೈಗೆ ಕೊಟ್ಟಳು. ಪರದೆ ಸರಿಸಿದಳು.

“ಯಣ್ಣಾ, ನಿನ್ನ ಪೆಟಗ್ಯಾಗ ಏನೂ ಇಲ್ಲಂತಿ. ಚಪ್ಪಲಿ ಬಿಟ್ಟು ಈ ಹಸೀ ಮಣ್ಣಾಗ ಬಂದು ಮೈಕ್ ಹಿಡಿ. ಆಮ್ಯಾಲ ಈ ಹುಡಿಗ್ಯಾರು ಹಾಡ್ತಾರ.”

ಹೆಣ್ಣುಮಕ್ಕಳು ಹಿಂಗ ನಡುವೆ ಬರಬಾರದು ಎಂದು ಅಧ್ಯಕ್ಷರು ಗೊಣಗಿದರು. ಭಜನೆಯ ಮುದುಕ ಪರದೆಯ ಕಡೆ ನೋಡಿ, “ಹಿಡೀಲೇ, ದಿನಾ ಮುಟ್ತೀಯಲ್ಲ,” ಎಂದ. ಮೈಕಿನವನು ನಗಲು ನೋಡಿದ. ಎಲ್ಲರ ಕಣ್ಣೂ ಅವನ ಕಾಲ ಮೇಲಿದ್ದವು. ಅವನೂ ತನ್ನ ಕಾಲನ್ನೇ ನೋಡಿಕೊಂಡ, ಹಸಿಮಣ್ಣು ನೋಡಿದ, ಮೈಕಿನ ಕಡೆ ಕೈಚಾಚಿ ನಿಂತ ಚಿಗವ್ವನನ್ನು ನೋಡಿದ.

ಹುಡುಗಿಯರು ಮೈಕಿಲ್ಲದೆಯೇ ಹಾಡಿದರು. ಹಿಂದಿನವರಿಗೆ ಕೇಳಿಸಲಿಲ್ಲ ಎಂದು ಆಮೇಲೆ ಬೈದವರಿದ್ದಾರೆ. ಕೊಕ್ಕೆಗಳು ಮುಂದೆಯೂ ಎಷ್ಟೋ ವರ್ಷ ಆ ಕಂಬದ ಮೇಲೆ ನೇತಾಡಿದವು, ಯಾರೂ ತಪ್ಪಾಯಿತು ಎನ್ನಲಿಲ್ಲ. ಆದರೆ ಆ ದಿನ ಇಡೀ ಊರು ನೋಡುತ್ತಿದ್ದಾಗ ಅವನು ಚಪ್ಪಲಿ ಬಿಡಲಿಲ್ಲ.