ಶುಕ್ರವಾರದ ಪಟ್ಟಿಯಲ್ಲಿ ನಯಾಜ್

ದೆವ್ವ, ಆತ್ಮ ಎಂದು ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನು. ಹೊಸ ಸ್ಕೂಟರಿಗೆ ಅಮ್ಮ ಕಟ್ಟಿದ್ದ ನಿಂಬೆಹಣ್ಣನ್ನು ಬೀದಿಯ ತಿರುವಿನಲ್ಲೇ ಕಿತ್ತೆಸೆದಿದ್ದೆ. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ನಾನು ಮತ್ತು ನಯಾಜ್ ಸರ್ವರ್ ನೋಡಿಕೊಳ್ಳುತ್ತಿದ್ದೆವು. ನಾನು ಮರ್ಫಿ ಟೌನಿನವನು, ಅವನು ಶಿವಾಜಿನಗರದವನು. ನಮ್ಮ ಸರ್ವರುಗಳಲ್ಲಿ ಪ್ರೋಗ್ರಾಮುಗಳು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡುತ್ತಿದ್ದವು. ಅವಕ್ಕೆ ಹೆಚ್ಚಿನ ಅನುಕೂಲ ಬೇಕಾದರೆ ಪ್ಲಗಿನ್ ಹಾಕಬೇಕು. ಯಾವ ಪ್ಲಗಿನ್ ಇದೆ ಎಂದು ತಿಳಿಯಲು ಮೂರು ಪದದ ಒಂದು ಕಮಾಂಡ್ ಸಾಕು. ಮೇಲೊಂದು ತಲೆಬರಹದ ಸಾಲು, ಅದರ ಕೆಳಗೆ ಹೆಸರುಗಳ ಪಟ್ಟಿ ಬರುತ್ತದೆ. ಪಕ್ಕದಲ್ಲಿ, ಚಾಲೂ ಇದ್ದರೆ ‘ಟ್ರೂ’, ಇಲ್ಲದಿದ್ದರೆ ‘ಫಾಲ್ಸ್’.

ನಯಾಜ್ ತಾನೇ ಒಂದು ಪ್ಲಗಿನ್ ಬರೆದು ಅದಕ್ಕೆ ತನ್ನದೇ ಹೆಸರಿಟ್ಟಿದ್ದ. ಅವನಂತೆಯೇ ಅದೂ ಆಗಾಗ ಕೈಕೊಡುತ್ತಿತ್ತು. ಹಾಗಾಗಿ ಶುಕ್ರವಾರ ನಮಾಜಿಗೆ ಹೊರಡುವಾಗ ಅದನ್ನು ನಿಲ್ಲಿಸಿ ಹೋಗುತ್ತಿದ್ದ, ಬಂದು ಕೂತೊಡನೆ ಚಾಲೂ ಮಾಡುತ್ತಿದ್ದ. ಅವನ ಸೀಟು ಕೆಳಗಿನ ಮಹಡಿಯಲ್ಲಿ, ನನ್ನದು ಮೇಲೆ. ಹೊಟ್ಟೆ ಚುರುಗುಟ್ಟಿದಾಗೆಲ್ಲ ನಾನು ಆ ಕಮಾಂಡ್ ಹೊಡೆಯುತ್ತಿದ್ದೆ. ಟ್ರೂ ಎಂದರೆ ನಯಾಜ್ ಬಂದ, ಜೊತೆಗೆ ಶಿವಾಜಿನಗರದ ಸಮೋಸವೂ ಬಂತು. ಅಲ್ಲಿಂದ ಹೊರಡುವ ಮುಂಚೆ ತಪ್ಪದೆ ಫೋನ್ ಮಾಡುತ್ತಿದ್ದ: “ಎಷ್ಟ್ ತರ್ಲಿ ಮಗಾ?”

ಒಂದು ಶುಕ್ರವಾರ ಮೀಟಿಂಗಿನಲ್ಲಿದ್ದೆ, ಅವನ ಫೋನ್ ಕಟ್ ಮಾಡಿದೆ. ಮೂರು ಗಂಟೆಯಾದರೂ ಪಟ್ಟಿಯಲ್ಲಿ ಫಾಲ್ಸ್. ಅವನನ್ನು ಬೈದುಕೊಂಡು ಒಬ್ಬನೇ ಊಟ ಮಾಡಿದೆ. ನಾಲ್ಕಕ್ಕೆ ಸುದ್ದಿ ಬಂತು. ಸಮೋಸದ ಅಂಗಡಿಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದಿದ್ದನಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಆ ಫೋನ್ ಎಷ್ಟು ತರಲಿ ಎಂದು ಕೇಳಲೋ, ಬೇಗ ಬಾ ಎಂದು ಕರೆಯಲೋ, ನನಗೆ ಗೊತ್ತಾಗಲೇ ಇಲ್ಲ.

ಮುಂದಿನ ವಾರ ಮ್ಯಾನೇಜರ್ ಹೇಳಿದರೆಂದು ಅವನ ಪ್ಲಗಿನನ್ನು ಎಲ್ಲ ಸರ್ವರುಗಳಿಂದ ನಾನೇ ಕೈಯಾರೆ ತೆಗೆದುಹಾಕಿದೆ.

ಐದಾರು ತಿಂಗಳು ಕಳೆದಿರಬೇಕು. ಅದೂ ಶುಕ್ರವಾರವೇ. ಬೆಳಿಗ್ಗೆಯಷ್ಟೇ ಹೊಸ ಸರ್ವರ್ ಒಂದನ್ನು ನಾನೇ ಸಿದ್ಧಮಾಡಿದ್ದೆ, ಪ್ಲಗಿನ್ ಒಂದೂ ಹಾಕಿರಲಿಲ್ಲ. ಎರಡು ಗಂಟೆಗೆ ಹಳೇ ಚಾಳಿಯಂತೆ ಕೈ ತಾನಾಗಿ ಆ ಕಮಾಂಡ್ ಹೊಡೆಯಿತು. ಬರೀ ತಲೆಬರಹ ಬರಬೇಕಿತ್ತು. ಅದರ ಕೆಳಗೆ ಒಂದು ಸಾಲಿತ್ತು: ನಯಾಜ್, ಫಾಲ್ಸ್.

ಪಕ್ಕದ ಸೀಟಿನ ಸುನೀತಾಳನ್ನು ಕರೆದು ತೋರಿಸಿದೆ. “ಇದನ್ನ ಯಾಕ್ ಸರ್ ಮತ್ತೆ ಹಾಕಿದ್ರಿ?” ಎಂದಳು.

“ನಾನ್ ಹಾಕಿಲ್ಲ ಕಣಮ್ಮ.”

ತಮಾಷೆಯೆಂದುಕೊಂಡು ಅವಳು ಊಟಕ್ಕೆ ಹೋದಳು. ಸರ್ವರಿನಲ್ಲಿ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ, ಅಂದರೆ ಲಾಗ್, ನಾನು ಆಗಲೇ ತೆಗೆದು ನೋಡಬೇಕಿತ್ತು. ಬೇರೆಯವರು ಅದನ್ನು ನೋಡದೆ ಕೂತಿದ್ದರೆ ಗದರುತ್ತಿದ್ದೆ. ಆದರೆ ನಾನು ಸುಮ್ಮನೆ ಕಾದೆ, ಅವನಿಗಾಗಿ ಪ್ರತಿ ಶುಕ್ರವಾರ ಕಾಯುತ್ತಿದ್ದಂತೆ. ಎರಡೂವರೆಗೆ ಮತ್ತೆ ಹೊಡೆದೆ. ಟ್ರೂ.

“ನಾಲ್ಕ್ ತಗೊಂಡ್ ಬಾ ಮಗಾ. ಮೀಟಿಂಗಲ್ಲಿದ್ದೆ ಕಣೋ, ಸಾರಿ,” ಎಂದೆ, ಖಾಲಿ ಕೋಣೆಯಲ್ಲಿ, ಜೋರಾಗಿ. ಎದ್ದು ಮೆಟ್ಟಿಲವರೆಗೂ ಹೋಗಿ ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ವಾಪಸ್ ಬಂದು ಕಮಾಂಡ್ ಹೊಡೆದರೆ ಬರೀ ತಲೆಬರಹ.

ಆಮೇಲೆ ಲಾಗ್‌ಗಳನ್ನೆಲ್ಲ ಜಾಲಾಡಿದೆ. ಹಾಕಿದ ಗುರುತೂ ಇಲ್ಲ, ತೆಗೆದ ಗುರುತೂ ಇಲ್ಲ. ನನ್ನ ಭ್ರಮೆ ಎನ್ನೋಣವೆಂದರೆ ಸುನೀತಾ ಇವತ್ತಿಗೂ ತಾನು ನೋಡಿದ್ದು ನಿಜ ಎನ್ನುತ್ತಾಳೆ.

ಈಗ ಕೆ.ಆರ್. ಪುರದ ಕಡೆ ಬೇರೆ ಕೆಲಸದಲ್ಲಿದ್ದೇನೆ. ಶುಕ್ರವಾರ ಎರಡೂವರೆಗೆ ಒಮ್ಮೆ ಪಟ್ಟಿ ತೆಗೆಯುತ್ತೇನೆ. ಅವನನ್ನು ನೋಡಬೇಕೆನಿಸುತ್ತದೆ, ಅಷ್ಟೇ. ತಲೆಬರಹ ಬರುತ್ತದೆ, ಕೆಳಗೆ ಏನೂ ಇರುವುದಿಲ್ಲ. ಮೂರರವರೆಗೆ ಕಾದು, ಆಮೇಲೆ ಊಟಕ್ಕೆ ಏಳುತ್ತೇನೆ.