ಗಡ್ಡೆಯಿಲ್ಲದ ಜೇಕು

ಸೂರ್ಯ ಇನ್ನೂ ಗಾಜಿನ ಕಟ್ಟಡಗಳ ಹಿಂದೆಯೇ ಇದ್ದಾನೆ. ಹೂಡಿ ಪಕ್ಕದ ಕೆರೆಯಂಚಿನ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತ ಭಾಗ್ಯಮ್ಮ, ಗೇಣುದ್ದದ ಗಿಡವೊಂದರ ದಂಟನ್ನು ಎರಡು ಬೆರಳ ನಡುವೆ ಹೊರಳಿಸುತ್ತಾರೆ. ದುಂಡಗಿದ್ದರೆ ಹುಲ್ಲು. ಇದಕ್ಕೆ ಮೂರು ಏಣು, ಅಂದರೆ ಜೇಕಿನ ಜಾತಿ. ಕೀಳುವುದಿಲ್ಲ. ಬುಡದ ಕೆಸರಿಗೆ ಬೆರಳಿಳಿಸಿ ತಡಕುತ್ತಾರೆ.

“ಗಡ್ಡೆ ಸಿಕ್ರೆ ಕೊನ್ನಾರಿ, ಕಿತ್ತಾಕದೇ. ಬರೀ ಬೇರು ಸಿಕ್ರೆ ಕೈ ಬುಡ್ಬೇಕು. ಈ ಬುದ್ಧಿ ಓದ ವರ್ಸ ಇರ್ಲಿಲ್ಲ ನಂಗೆ.”

ಈ ಕೆರೆಯ ಕಳೆ ಕೀಳುವ ಹೆಂಗಸರಿಗೆ ಭಾಗ್ಯಮ್ಮನೇ ಹಿರಿಯಕ್ಕ. ಟೆಕ್ ಪಾರ್ಕಿನ ಕಾರು ನಿಲ್ಲುವಲ್ಲಿ ಹಿಂದೆ ಅವರ ರಾಗಿ ಹೊಲವಿತ್ತು. ರಾಗಿ ಬೆಳೆದವರಿಗೆ ಗಡ್ಡೆಯಿಂದ ಮತ್ತೆ ಮತ್ತೆ ಚಿಗುರುವ ಕೊನ್ನಾರಿಯಂಥ ಹಗೆ ಇನ್ನೊಂದಿಲ್ಲ. ಬೆರಳಿಗೆ ಮೂರು ಏಣು ತಾಕಿತೋ, ಮನಸ್ಸು ಹೇಳುವ ಮೊದಲೇ ಕೈ ಕಿತ್ತಿರುತ್ತದೆ. ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಹಾಗೇ ದಡವನ್ನೆಲ್ಲ ಅಂಗೈಯಂತೆ ನುಣ್ಣಗೆ ಮಾಡಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಕಾವ್ಯಾಗೆ ಪುಟ್ಟ ಜೇಕೊಂದು ಸಿಕ್ಕಿದ್ದು ಆ ಕಿತ್ತ ರಾಶಿಯಲ್ಲಿ. ಸುತ್ತಲಿನ ಯಾವ ಕೆರೆಯಲ್ಲೂ ಆಕೆ ಅದನ್ನು ಕಂಡಿರಲಿಲ್ಲ. ಗಡ್ಡೆಯಿಲ್ಲದ ಗಿಡ, ಬೀಜ ಉದುರಿದರಷ್ಟೇ ಅದಕ್ಕೆ ವಂಶ.

“ಮೇಡಂ ಬಯ್ಯಲಿಲ್ಲ. ಬೈದಿದ್ರೆ ವಾಸಿಯಾಗಿತ್ತು. ರಾಶಿ ಮುಂದೆ ಕೂತು ಒಂದೊಂದೇ ಗಿಡ ಎತ್ತಿ ನೋಡಿದ್ರು.”

ಮಳೆ ಬಿದ್ದಾಗಿನಿಂದ ಭಾಗ್ಯಮ್ಮ ಎಲ್ಲರಿಗಿಂತ ಮುಂಚೆ ಬಂದು ಆ ಜೇಕನ್ನು ಹುಡುಕುತ್ತಿದ್ದಾರೆ. ಹಳೆಯ ಬೀಜವೇನಾದರೂ ಮೊಳೆತಿದ್ದರೆ ಉಂಟು, ಇಲ್ಲದಿದ್ದರೆ ಈ ಕೆರೆಗೆ ಅದು ಮುಗಿದ ಕತೆ. ಮುಂದಿನ ವಾರ ಮತ್ತೆ ಹಬ್ಬದ ಕಳೆ ಕೆಲಸ.

ಜೊತೆಯ ಶೋಭಾರಾಣಿ ಬರುತ್ತಲೇ ಛೇಡಿಸುತ್ತಾಳೆ: “ಏನಕ್ಕಾ, ಕಳೆಗೆ ಬಾಣಂತನ ಮಾಡ್ತಾ ಕೂತಿದೀಯಾ?”

“ಊಂ ಕಣೇ, ನಿಂಗೂ ನಾನೇ ಮಾಡಿದ್ದು. ಬದುಕ್ಲಿಲ್ವಾ ನೀನು?”

ಇವತ್ತು ಬೆರಳಿಗೆ ಗಡ್ಡೆ ಸಿಗುತ್ತಿಲ್ಲ. ಆದರೂ ಭಾಗ್ಯಮ್ಮನಿಗೆ ಧೈರ್ಯ ಸಾಲದು. ಅಷ್ಟರಲ್ಲಿ ಬಂದ ಕಾವ್ಯಾಗೆ, “ಅದೇನಾ ಅಂತ ನೀವೇ ಯೋಳ್ಬೇಕು ಮೇಡಂ,” ಎನ್ನುತ್ತಾರೆ. ಕಾವ್ಯಾ ಸಾಸಿವೆಯಷ್ಟು ದಪ್ಪದ ಹೂಗುಚ್ಛಕ್ಕೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡುತ್ತಾಳೆ.

“ಅದೇ ರೀ, ಭಾಗ್ಯಮ್ಮಾರೆ! ಆದ್ರೆ ಬೀಜ ಇನ್ನೂ ಹಸಿ. ಬಲಿಯೋದು ಹಬ್ಬ ಕಳೆದ ಮೇಲೆನೇ.”

ಭಾಗ್ಯಮ್ಮ ಎಲ್ಲ ಹೆಂಗಸರನ್ನೂ ಕೂಗಿ, ಒಬ್ಬೊಬ್ಬರ ಬೆರಳನ್ನೂ ಆ ಬುಡಕ್ಕೆ ಮುಟ್ಟಿಸುತ್ತಾರೆ. ಈ ದಡಕ್ಕೆ ಈ ಸಲ ಯಾರೂ ಕೈ ಹಾಕುವಂತಿಲ್ಲ.

“ಗಣಪತಿ ಬಿಡೋಕೆ ಬಂದೋರು ಗಲೀಜು ಅಂತಾರಲ್ಲಕ್ಕ?” ಶೋಭಾರಾಣಿಗೆ ದಿಗಿಲು.

“ಅನ್ಲಿ ಬುಡು. ದಡ ಚೆಂದ ಮಾಡಾಕೆ ಇನ್ನೂ ಎಷ್ಟೋ ಹಬ್ಬ ಬತ್ತವೆ. ಇದು ಬೀಜ ಉದುರುಸ್ಕಳ್ಳಿ, ಅಷ್ಟೇ.”